ಜನವಾಕ್ಯವೂ ಮತಗಣನೆಯೂ

ಹಿಂದಿನ ತಿಂಗಳ ಸಂಚಿಕೆಯಲ್ಲಿ ಮಹನೀಯರೊಬ್ಬರು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಚುನಾವಣೆಗಳನ್ನು ಕುರಿತು ಬರೆದಿದ್ದಾರೆ. ೨೦೨೦ನೆಯ ಇಸವಿಯಲ್ಲಿ ಅಲ್ಲಿ ನಿಜವಾಗಿ ಗೆದ್ದವರು ಯಾರೆಂಬುದು ಇಂದಿಗೂ ಸಂದಿಗ್ಧವೆಂದೂ, ಆ ದೇಶದ ಕೋಟ್ಯಂತರ ಪ್ರಜೆಗಳು ಆ ಫಲಿತಾಂಶವನ್ನು ನಂಬದೆ ಇರುವಾಗ ಅದನ್ನು ನಿಜವೆನ್ನಲು ಹೊರಗಿನವರಾದ ನಮಗೆ ಅಧಿಕಾರವಿಲ್ಲವೆಂದೂ ಅವರು ವಾದಿಸಿ, ಕೊನೆಗೆ ಜನವಾಕ್ಯಂ ತು ಕರ್ತವ್ಯಂ ಎಂಬ ಮಾತನ್ನು ಮುದ್ರೆಯಂತೆ ಒತ್ತಿ ಲೇಖನವನ್ನು ಮುಗಿಸಿದ್ದಾರೆ. ಅವರ ಭಾಷೆಯು ಸೊಗಸಾಗಿದೆ. ಉದ್ದೇಶವೂ ಒಳ್ಳೆಯದೇ ಇರಬಹುದು. ಆದರೆ ಆ ಸಂಸ್ಕೃತವಾಕ್ಯವನ್ನು ಅವರು ಬಳಸಿರುವ ರೀತಿಯು ಸರ್ವಥಾ ಅಸಂಬದ್ಧವಾದುದು. ಅದನ್ನು ತೋರಿಸಿಕೊಡುವುದಕ್ಕಾಗಿಯೇ ಈ ಉತ್ತರವನ್ನು ಬರೆಯಬೇಕಾಗಿದೆ.

ಸಮುದ್ರದಾಚೆಯ ಚುನಾವಣೆಯ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಈ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಕೆಲವರು ಅಲ್ಲಿಯ ಪೌರತ್ವವನ್ನೂ ಪಡೆದು ಮತ ಕೊಡುತ್ತಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ಊಟದ ಪಂಕ್ತಿಯಲ್ಲಿಯೇ ಈ ವಿಷಯವು ಎದ್ದು, ಅಣ್ಣತಮ್ಮಂದಿರು ಪರಸ್ಪರ ಮಾತು ಬಿಡುವವರೆಗೆ ಹೋದುದನ್ನು ನಾನು ಬಲ್ಲೆನು. ನಮ್ಮ ರಾಷ್ಟ್ರಪತಿಗಳನ್ನು ಶಾಸನಸಭೆಗಳ ಸದಸ್ಯರು ಆರಿಸುತ್ತಾರೆ. ಅಲ್ಲಿಯ ಅಧ್ಯಕ್ಷನಾದರೋ ಸಾಮಾನ್ಯ ಪ್ರಜೆಗಳ ಮತದಿಂದ ಹುಟ್ಟತಕ್ಕವನು, ಮತ್ತು ಆಡಳಿತದ ಸೂತ್ರವೆಲ್ಲವೂ ಅವನ ಕೈಯಲ್ಲಿಯೇ ಇರುತ್ತದೆ. ಆದಕಾರಣ ಅಲ್ಲಿಯವರಿಗೆ ಇಷ್ಟು ಕಾವು ಬರುವುದು ಸಹಜವೇ.

ಪ್ರಜೆಯ ಅಭಿಪ್ರಾಯವೆಂಬುದರಲ್ಲಿ ಎರಡು ಬಗೆಯುಂಟು. ಯಾರು ಅಧ್ಯಕ್ಷರಾಗಬೇಕೆಂಬುದು ಒಂದು. ಇದರಲ್ಲಿ ಪ್ರತಿಯೊಬ್ಬನೂ ಸ್ವತಂತ್ರನು. ಹೊಲದಲ್ಲಿ ದುಡಿಯುವವನ ಇಷ್ಟಕ್ಕೂ ವಿಶ್ವವಿದ್ಯಾನಿಲಯದ ಆಚಾರ್ಯರ ಇಷ್ಟಕ್ಕೂ ತೂಕ ಒಂದೇ. ಕಾರಣವನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಯಾರು ಅಧ್ಯಕ್ಷರಾದರೆಂಬುದು ಇನ್ನೊಂದು. ಇದು ಇಷ್ಟಾನಿಷ್ಟಗಳ ವಿಷಯವೇ ಅಲ್ಲ, ಎಣಿಕೆಯ ವಿಷಯ. ಹುಣ್ಣಿಮೆಯು ಎಂದು ಬರುತ್ತದೆಂಬುದನ್ನು ಊರಿನವರ ಕೈಯೆತ್ತಿಸಿ ನಿಶ್ಚಯಿಸುವ ಪದ್ಧತಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಜನವಾಕ್ಯವು ಪೂಜ್ಯವೆಂಬುದನ್ನು ಒಪ್ಪೋಣ. ಆ ವಾಕ್ಯವನ್ನು ಜನರು ನುಡಿದದ್ದು ಯಾವಾಗ? ಮತಪತ್ರದ ಮೇಲೆ ಗುರುತು ಹಾಕಿದಾಗ. ಆಮೇಲೆ ಜಗಲಿಯಲ್ಲಿ ಕುಳಿತು ಆಡಿದ ಮಾತು ಅವರವರ ಸ್ವಂತದ ಮಾತು. ಈ ಎರಡನೆಯ ಮಾತಿನಿಂದ ಮೊದಲನೆಯದನ್ನು ಅಳಿಸಹೊರಟರೆ ಅದು ಜನವಾಕ್ಯಕ್ಕೆ ಮಾಡುವ ದ್ರೋಹವೇ ಆಗುತ್ತದೆ.

ಸಂಗತಿಯನ್ನು ನೋಡೋಣ. ೨೦೨೦ನೆಯ ನವೆಂಬರು ೩ರಂದು ನಡೆದ ಚುನಾವಣೆಯಲ್ಲಿ ೧೫ ಕೋಟಿ ೮೦ ಲಕ್ಷಕ್ಕೂ ಮಿಕ್ಕಿ ಮತಗಳು ಬಿದ್ದವು. ಜೋ ಬೈಡನ್‌ರವರಿಗೆ ಸುಮಾರು ೮ ಕೋಟಿ ೧೨ ಲಕ್ಷ, ಡೊನಾಲ್ಡ್ ಟ್ರಂಪ್‌ರವರಿಗೆ ಸುಮಾರು ೭ ಕೋಟಿ ೪೨ ಲಕ್ಷ. ಆದರೆ ಆ ದೇಶದಲ್ಲಿ ಒಟ್ಟು ಮತಗಳಿಂದ ತೀರ್ಮಾನವಾಗುವುದಿಲ್ಲ. ಸಂಸ್ಥಾನಗಳು ಕಳುಹಿಸುವ ೫೩೮ ಮಂದಿ ನಿರ್ವಾಚಕರಿಂದ ತೀರ್ಮಾನವಾಗುತ್ತದೆ. ಅದರಲ್ಲಿ ಬೈಡನ್‌ರವರಿಗೆ ೩೦೬, ಟ್ರಂಪ್‌ರವರಿಗೆ ೨೩೨ ಬಂದವು. ಅಂತರವು ದೊಡ್ಡದಾಗಿ ಕಾಣುತ್ತದೆಯಾದರೂ, ಅರಿಜೋನಾದಲ್ಲಿ ೧೦,೪೫೭, ಜಾರ್ಜಿಯಾದಲ್ಲಿ ೧೧,೭೭೯, ವಿಸ್ಕಾನ್ಸಿನ್‌ನಲ್ಲಿ ೨೦,೬೮೨ ಮತಗಳ ಮೇಲೆ ಆ ಮೂರು ಸಂಸ್ಥಾನಗಳು ಒಂದು ಕಡೆಗೆ ವಾಲಿದುವು. ಸೋತವರಿಗೆ ಸಂದೇಹ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ.

ಅದರ ಮೇಲೆ ರಾತ್ರಿಯ ಎಣಿಕೆಯಲ್ಲಿ ಟ್ರಂಪ್‌ರವರು ಮುಂದಿದ್ದು, ಬೆಳಗಾಗುತ್ತ ಹಿಂದೆ ಬಿದ್ದರು. ಇದನ್ನು ಅನೇಕರು ಕಳ್ಳತನದ ಗುರುತೆಂದು ತಿಳಿದರು. ಕಾರಣವು ಬಹಳ ಸರಳವಾದುದು. ಸಾಂಕ್ರಾಮಿಕ ರೋಗದ ಆ ವರ್ಷದಲ್ಲಿ ಅಂಚೆಯ ಮೂಲಕ ಮತ ಕೊಟ್ಟವರು ಹಿಂದೆಂದಿಗಿಂತಲೂ ಹೆಚ್ಚು. ಅಂಚೆಯ ಮತವನ್ನು ನಂಬಬೇಡಿರೆಂದು ಟ್ರಂಪ್‌ರವರೇ ತಮ್ಮವರಿಗೆ ಹೇಳುತ್ತಿದ್ದುದರಿಂದ ಆ ಲಕೋಟೆಗಳಲ್ಲಿ ಬೈಡನ್ ಪಕ್ಷದವೇ ಅಧಿಕ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಸಂಸ್ಥಾನಗಳ ಕಾನೂನಿನಂತೆ ಆ ಲಕೋಟೆಗಳನ್ನು ಮತದಾನದ ದಿನಕ್ಕೆ ಮುಂಚೆ ಒಡೆಯಕೂಡದು. ಹೀಗಾಗಿ ಅವುಗಳ ಎಣಿಕೆ ಕೊನೆಗೆ ಬಿತ್ತು. ಉತ್ತರಪತ್ರಿಕೆಗಳ ಎರಡು ಕಟ್ಟುಗಳಲ್ಲಿ ಮೊದಲು ಬಿಚ್ಚಿದ ಕಟ್ಟಿನಲ್ಲಿ ಜಾಣರು ಹೆಚ್ಚಾಗಿದ್ದು ಎರಡನೆಯದರಲ್ಲಿ ದಡ್ಡರು ಹೆಚ್ಚಾಗಿದ್ದರೆ, ತರಗತಿಯ ಸರಾಸರಿಯು ರಾತ್ರಿ ಒಂಬತ್ತಕ್ಕೆ ಒಂದು, ಹನ್ನೊಂದಕ್ಕೆ ಇನ್ನೊಂದು. ಅಷ್ಟಕ್ಕೇ ಉಪಾಧ್ಯಾಯನು ಅಂಕಗಳನ್ನು ಕದ್ದನೆನ್ನುವುದು ಹೇಗೆ?

ಸಂಶಯಪಡುವುದು ತಪ್ಪಲ್ಲ. ಗೌತಮರ ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಅದಿಲ್ಲದೆ ವಿಚಾರವೇ ಆರಂಭವಾಗುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಮುಂದೆ ನಿರ್ಣಯವೆಂಬುದೂ ಇದೆ. ಸಂಶಯವು ನಿರ್ಣಯದ ಕಡೆಗೆ ನಡೆಯತಕ್ಕದ್ದು. ಜಾರ್ಜಿಯಾದಲ್ಲಿ ಯಂತ್ರದ ಎಣಿಕೆಯನ್ನು ನಂಬಲಾರೆವೆಂದಾಗ ಸುಮಾರು ೫೦ ಲಕ್ಷ ಕಾಗದದ ಮತಪತ್ರಗಳನ್ನು ಕೈಯಿಂದ ಎಣಿಸಿದರು. ಕೆಲವು ಜಿಲ್ಲೆಗಳಲ್ಲಿ ಎಣಿಕೆಗೆ ಸೇರದೆ ಉಳಿದಿದ್ದ ಕೆಲವು ಸಾವಿರ ಮತಗಳು ಆಗ ಸಿಕ್ಕವು. ಅವು ಸೇರಿ ಗೆದ್ದವರ ಅಂತರವು ಕೊಂಚ ಇಳಿಯಿತು. ವಿಚಾರಣೆಯು ನಾಟಕವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಬಳಿಕ ಟ್ರಂಪ್ ಪಕ್ಷದ ಕೋರಿಕೆಯಂತೆ ಮೂರನೆಯ ಸಲವೂ ಎಣಿಸಿದರು. ಅಂಕಿಗಳಲ್ಲಿ ಅಲ್ಪಸ್ವಲ್ಪ ಭೇದ. ಗೆದ್ದವರು ಮಾತ್ರ ಒಬ್ಬರೇ. ಇದನ್ನು ನಡೆಯಿಸಿದ ಅಧಿಕಾರಿ ಬ್ರಾಡ್ ರಾಫೆನ್ಸ್‌ಪರ್ಗರ್ ಎಂಬವರು ಟ್ರಂಪ್‌ರವರ ಪಕ್ಷದವರೇ. ೨೦೨೧ನೆಯ ಜನವರಿ ೨ರಂದು ಟ್ರಂಪ್‌ರವರು ಟೆಲಿಫೋನಿನಲ್ಲಿ ೧೧,೭೮೦ ಮತಗಳನ್ನು ಹುಡುಕಿಕೊಡಬೇಕೆಂದು ಕೇಳಿದಾಗ ಒಪ್ಪದೆ ನಿಂತವರು ಅವರು.

ವಿಸ್ಕಾನ್ಸಿನ್‌ನಲ್ಲಿ ಸೋತ ಪಕ್ಷವು ಸುಮಾರು ೩೦ ಲಕ್ಷ ಡಾಲರುಗಳನ್ನು ಕಟ್ಟಿ ಎರಡು ಜಿಲ್ಲೆಗಳ ಮತಗಳನ್ನು ಮತ್ತೆ ಎಣಿಸಿತು. ಬೈಡನ್‌ರವರ ಅಂತರವು ೮೭ರಷ್ಟು ಹೆಚ್ಚಾಯಿತು. ಅರಿಜೋನಾದ ಮಾರಿಕೋಪಾ ಜಿಲ್ಲೆಯಲ್ಲಿಯಂತೂ ಟ್ರಂಪ್ ಪಕ್ಷದವರೇ ತಮಗೆ ಬೇಕಾದ ಖಾಸಗಿ ಕಂಪನಿಯನ್ನು ನೇಮಿಸಿ ತಿಂಗಳುಗಟ್ಟಲೆ ಶೋಧಿಸಿದರು. ೨೦೨೧ರ ಸೆಪ್ಟೆಂಬರಿನಲ್ಲಿ ಬಂದ ವರದಿಯಂತೆ ಬೈಡನ್‌ರವರಿಗೆ ೯೯ ಹೆಚ್ಚಿಗೆ, ಟ್ರಂಪ್‌ರವರಿಗೆ ೨೬೧ ಕಡಮೆ! ತಮ್ಮ ಸಾಕ್ಷಿಯೇ ಎದುರು ಪಕ್ಷಕ್ಕೆ ಹೇಳಿದ ಮೇಲೂ ವ್ಯಾಜ್ಯವನ್ನು ಬಿಡದವರನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ಬರೆಯುವ ಅಗತ್ಯವಿಲ್ಲ.

ನ್ಯಾಯಾಲಯಗಳ ಕಥೆಯೂ ಇದೇ. ಅರುವತ್ತಕ್ಕೂ ಹೆಚ್ಚು ದಾವೆಗಳು ಹೂಡಲ್ಪಟ್ಟು, ಫಲಿತಾಂಶವನ್ನು ತಿರುಗಿಸುವಂಥ ಒಂದೂ ನಿಲ್ಲಲಿಲ್ಲ. ಟ್ರಂಪ್‌ರವರೇ ನೇಮಿಸಿದ ನ್ಯಾಯಾಧೀಶರೂ ತಳ್ಳಿಹಾಕಿದರು. ಇಲ್ಲೊಂದು ಸ್ವಾರಸ್ಯವುಂಟು. ಹೊರಗೆ ಪತ್ರಿಕಾಕರ್ತರ ಮುಂದೆ ಮಹಾವಂಚನೆಯೆಂದು ಗರ್ಜಿಸಿದ ವಕೀಲರು ರೂಡಿ ಜ್ಯುಲಿಯಾನಿಯವರು, ೨೦೨೦ರ ನವೆಂಬರು ೧೭ರಂದು ಪೆನ್ಸಿಲ್ವೇನಿಯಾದ ನ್ಯಾಯಾಧೀಶರು ಪ್ರಶ್ನಿಸಿದಾಗ, ಇದು ವಂಚನೆಯ ದಾವೆಯಲ್ಲವೆಂದು ಒಪ್ಪಿಕೊಂಡರು. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವನ ಪಕ್ಷವನ್ನು ಕೆಡಿಸುವುದಷ್ಟನ್ನೇ ಮಾಡುವ ಮಾತಿಗೆ ಶಾಸ್ತ್ರದಲ್ಲಿ ವಿತಂಡೆಯೆಂದು ಹೆಸರು. ನಮ್ಮ ಲೇಖಕ ಮಹನೀಯರು ಜನವಾಕ್ಯವೆಂದು ಕೈಮುಗಿದದ್ದು ಈ ವಿತಂಡೆಗೆ.

ಇನ್ನು ಅವರ ಮುಖ್ಯವಾದ ಹೇತುವನ್ನು ತೆಗೆದುಕೊಳ್ಳೋಣ: ಕೋಟ್ಯಂತರ ಜನರು ನಂಬಲಿಲ್ಲ. ನಿಜ, ನಂಬಲಿಲ್ಲ. ಪ್ಯೂ ಎಂಬ ಜನಾಭಿಪ್ರಾಯ ಸಂಶೋಧನ ಸಂಸ್ಥೆಯು ೨೦೨೦ರ ಚುನಾವಣೆಯಾದ ಬಳಿಕ ಕೇಳಿದಾಗ, ಚುನಾವಣೆಯು ಸರಿಯಾಗಿ ನಡೆಯಿತೆಂದ ಟ್ರಂಪ್ ಮತದಾರರು ನೂರಕ್ಕೆ ೨೧ ಮಂದಿ. ೨೦೨೪ರಲ್ಲಿ ಟ್ರಂಪ್‌ರವರು ೩೧೨ ನಿರ್ವಾಚಕರನ್ನು ಪಡೆದು ಗೆದ್ದ ಮೇಲೆ ಅದೇ ಸಂಸ್ಥೆಯು ಅದೇ ಪ್ರಶ್ನೆಯನ್ನು ಅವರ ಮತದಾರರಿಗೆ ಹಾಕಿತು. ಆಗ ಸರಿಯಾಗಿ ನಡೆಯಿತೆಂದವರು ನೂರಕ್ಕೆ ೯೩! ಯಂತ್ರಗಳು ಬಹುಮಟ್ಟಿಗೆ ಅವೇ, ಅಂಚೆಯ ಲಕೋಟೆಗಳು ಅವೇ, ಎಣಿಸುವ ಗುಮಾಸ್ತರೂ ಬಹುಮಟ್ಟಿಗೆ ಅವರೇ. ಬದಲಾದದ್ದು ಗೆದ್ದವರ ಹೆಸರೊಂದು. ಹೆಸರಿನೊಡನೆ ಬಂದು ಹೆಸರಿನೊಡನೆ ಹೋಗುವ ಈ ಅಪನಂಬಿಕೆಯನ್ನು ಮತಪೆಟ್ಟಿಗೆಯ ವಿಷಯದಲ್ಲಿ ಪ್ರಮಾಣವೆಂದು ಎಣಿಸುವುದು ಯಾವ ತರ್ಕ? ಅದು ಸೋತವನ ನೋವಿಗೆ ಪ್ರಮಾಣವಾಗಬಹುದು. ಅದಕ್ಕಿಂತ ಹೆಚ್ಚಿಗೆ ಏನೂ ಅಲ್ಲ.

ಈ ರೋಗವು ಒಂದೇ ಪಕ್ಷದ್ದೆಂದು ನಾನು ಹೇಳುತ್ತಿಲ್ಲ. ೨೦೦೫ರ ಜನವರಿಯಲ್ಲಿ ಓಹಾಯೋ ಸಂಸ್ಥಾನದ ಮತಗಳಿಗೆ ಆಕ್ಷೇಪವನ್ನೆತ್ತಿದವರು ಡೆಮೊಕ್ರಾಟಿಕ್ ಪಕ್ಷದ ಸದಸ್ಯರು. ೨೦೧೬ರಲ್ಲಿ ಹಿಲರಿ ಕ್ಲಿಂಟನ್‌ರವರಿಗೆ ಒಟ್ಟು ಮತಗಳು ಸುಮಾರು ೨೮ ಲಕ್ಷ ಹೆಚ್ಚಾಗಿದ್ದೂ ನಿರ್ವಾಚಕರ ಲೆಕ್ಕದಲ್ಲಿ ಸೋತಾಗ, ಅವರು ಮರುದಿನವೇ ಸೋಲನ್ನು ಒಪ್ಪಿದರು. ಅವರ ಹಿಂಬಾಲಕರಲ್ಲಿ ಅನೇಕರು ವರ್ಷಗಟ್ಟಲೆ ಒಪ್ಪಲಿಲ್ಲ. ೨೦೨೪ರಲ್ಲಿಯೂ ಕೆಲವರು ಕೋಟಿಗಟ್ಟಲೆ ಮತಗಳು ಕಾಣೆಯಾಗಿವೆಯೆಂದು ವದಂತಿಯನ್ನೆಬ್ಬಿಸಿದರು. ಕ್ಯಾಲಿಫೋರ್ನಿಯಾದ ಎಣಿಕೆ ಮುಗಿದಿರಲಿಲ್ಲ, ಅಷ್ಟೆ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಕೂಡದು. ಹಿಂಬಾಲಕನ ಗೊಣಗಾಟವೇ ಬೇರೆ. ಸೋತ ನಾಯಕನೇ ಎದ್ದುನಿಂತು ಸೋಲಲಿಲ್ಲವೆಂದು ಸಾರುವುದೇ ಬೇರೆ.

ನಿಜವಾಗಿ ಸಂದೇಹಕ್ಕೆ ಎಡೆಯಿದ್ದ ಚುನಾವಣೆಯು ೨೦೦೦ದ್ದು. ಸುಮಾರು ೬೦ ಲಕ್ಷ ಮತಗಳು ಬಿದ್ದ ಫ್ಲಾರಿಡಾದಲ್ಲಿ ಅಂತರವು ೫೩೭! ಅರ್ಧ ತೂತಾದ ಮತಪತ್ರಗಳನ್ನು ಅಧಿಕಾರಿಗಳು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಡಿಸೆಂಬರು ೧೨ರಂದು ಸುಪ್ರೀಂ ಕೋರ್ಟು ಐವರಿಗೆ ನಾಲ್ವರ ಬಹುಮತದಿಂದ ಮರುಎಣಿಕೆಯನ್ನು ನಿಲ್ಲಿಸಿತು. ಆ ತೀರ್ಪು ಸರಿಯಲ್ಲವೆಂದು ಹೇಳುವ ಪಂಡಿತರು ಇಂದಿಗೂ ಇದ್ದಾರೆ. ಮರುದಿನ ಅಲ್ ಗೋರ್‌ರವರು ತೀರ್ಪು ತಮಗೆ ಸಮ್ಮತವಲ್ಲವೆಂದು ಹೇಳಿಯೇ ಸೋಲನ್ನು ಒಪ್ಪಿಕೊಂಡರು. ಅಷ್ಟೇ ಅಲ್ಲದೆ, ಉಪಾಧ್ಯಕ್ಷರಾಗಿದ್ದುದರಿಂದ ೨೦೦೧ರ ಜನವರಿ ೬ರಂದು ಉಭಯಸಭೆಗಳ ಅಧ್ಯಕ್ಷಪೀಠದಲ್ಲಿ ಕುಳಿತು, ತಮ್ಮ ಸೋಲನ್ನು ತಮ್ಮ ಬಾಯಿಂದಲೇ ಸಾರಿದರು. ೧೯೬೧ರಲ್ಲಿ ರಿಚರ್ಡ್ ನಿಕ್ಸನ್‌ರವರೂ ಹಾಗೆಯೇ ಮಾಡಿದ್ದರು. ೨೦೨೧ರಲ್ಲಿ ಮೈಕ್ ಪೆನ್ಸ್‌ರವರೂ, ೨೦೨೫ರಲ್ಲಿ ಕಮಲಾ ಹ್ಯಾರಿಸ್‌ರವರೂ ಮಾಡಿದರು. ಗೌತಮರ ಹದಿನಾರರಲ್ಲಿ ಕಡೆಯದು ನಿಗ್ರಹಸ್ಥಾನ: ವಾದಿಯು ಇಲ್ಲಿಗೆ ತಾನು ಸೋತೆನೆಂದು ನಿಲ್ಲಬೇಕಾದ ಎಡೆ. ನಿಗ್ರಹಸ್ಥಾನವಿಲ್ಲದ ವಾದವು ಮುಗಿಯುವುದು ದೊಣ್ಣೆಯಿಂದ.

ದೊಣ್ಣೆಯೂ ಬಂದಿತು. ೨೦೨೧ರ ಜನವರಿ ೬ರಂದು ಸಾವಿರಾರು ಮಂದಿ ಶಾಸನಸಭೆಯ ಮಂದಿರಕ್ಕೆ ನುಗ್ಗಿದರು, ಎಣಿಕೆ ನಿಂತಿತು, ಸುಮಾರು ೧೪೦ ಮಂದಿ ಪೋಲೀಸಿನವರಿಗೆ ಗಾಯಗಳಾದವು, ನುಗ್ಗಿದವರಲ್ಲಿ ಒಬ್ಬ ಹೆಂಗಸು ಗುಂಡೇಟಿನಿಂದ ಮಡಿದಳು. ಅದೇ ರಾತ್ರಿ ಸಭೆಯು ಮತ್ತೆ ಸೇರಿ, ಬೆಳಗಿನ ಜಾವಕ್ಕೆ ಲೆಕ್ಕವನ್ನು ಮುಗಿಸಿತು. ನುಗ್ಗಿದವರಲ್ಲಿ ಎಲ್ಲರೂ ದುಷ್ಟರಲ್ಲ. ಅಂಗಡಿಯವರು, ನಿವೃತ್ತ ಸಿಪಾಯಿಗಳು, ಮಕ್ಕಳೊಂದಿಗರು ಇದ್ದರು. ದೇಶವನ್ನು ಉಳಿಸುತ್ತಿದ್ದೇವೆಂದು ಅವರು ನಿಜವಾಗಿ ನಂಬಿದ್ದರು. ನಂಬಿಸಿದವರು ತಮ್ಮ ಮನೆಗಳಲ್ಲಿ ಕುಳಿತಿದ್ದರು. ೨೦೨೫ರ ಜನವರಿ ೨೦ರಂದು ಅಧ್ಯಕ್ಷಪದವಿಗೆ ಮರಳಿದ ಟ್ರಂಪ್‌ರವರು ಅವರಲ್ಲಿ ಸುಮಾರು ೧,೫೦೦ ಮಂದಿಗೆ ಕ್ಷಮಾದಾನವನ್ನಿತ್ತರು. ಕ್ಷಮೆಯಿಂದ ಸೆರೆಮನೆಯ ಬಾಗಿಲು ತೆರೆಯಿತು. ಜಾರ್ಜಿಯಾದ ೧೧,೭೭೯ರಲ್ಲಿ ಒಂದು ಮತವೂ ಕಡಮೆಯಾಗಲಿಲ್ಲ.

ಜನವಾಕ್ಯದ ಹೆಸರಿನಲ್ಲಿ ಮಾತಾಡುವವರು ಇನ್ನೊಂದು ಬಗೆಯ ಜನರನ್ನು ಮರೆಯುತ್ತಾರೆ. ಆ ದೇಶದಲ್ಲಿ ಮತಗಟ್ಟೆಯ ಕೆಲಸವನ್ನು ಮಾಡುವವರು ನೆರೆಹೊರೆಯ ಸಾಮಾನ್ಯ ಪ್ರಜೆಗಳು. ಅರುವತ್ತು ದಾಟಿದವರು ಅವರಲ್ಲಿ ಬಹಳ ಮಂದಿ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನೂ ಈ ಕೆಲಸವನ್ನು ಮಾಡಿದವನೇ. ಅರಗಿನ ಮುದ್ರೆ ಸರಿಯಾಗಿ ಬಿದ್ದಿತೋ ಇಲ್ಲವೋ ಎಂಬ ಚಿಂತೆಯಿಂದ ನಿದ್ರೆಗೆಟ್ಟ ರಾತ್ರಿಗಳು ನನಗೆ ಗೊತ್ತು. ಅಟ್ಲಾಂಟಾ ನಗರದಲ್ಲಿ ಇಂಥ ಕೆಲಸದಲ್ಲಿದ್ದ ತಾಯಿ ಮಗಳಿಬ್ಬರನ್ನು, ಮೇಜಿನ ಕೆಳಗಿನಿಂದ ಕಳ್ಳ ಮತಗಳನ್ನು ತೆಗೆದರೆಂದು ಮೇಲೆ ಹೇಳಿದ ಜ್ಯುಲಿಯಾನಿಯವರು ಲೋಕದ ಮುಂದೆ ದೂರಿದರು. ಅವು ಪದ್ಧತಿಯಂತೆ ಇರಿಸಿದ್ದ ಸಾಮಾನ್ಯ ಪೆಟ್ಟಿಗೆಗಳೆಂದು ವಿಚಾರಣೆಯಿಂದ ತಿಳಿದುಬಂದಿತು. ಅಷ್ಟರಲ್ಲಿ ಕೊಲೆಯ ಬೆದರಿಕೆಗಳು ಬಂದು, ತಾಯಿಯು ಮನೆಯನ್ನು ಬಿಟ್ಟು ಬೇರೆಡೆಯಲ್ಲಿ ಇರಬೇಕಾಯಿತು. ೨೦೨೩ರ ಡಿಸೆಂಬರಿನಲ್ಲಿ ಪಂಚಾಯಿತರು ಆ ವಕೀಲರು ೧೪ ಕೋಟಿ ೮೦ ಲಕ್ಷ ಡಾಲರುಗಳನ್ನು ಅವರಿಗೆ ತೆರಬೇಕೆಂದು ತೀರ್ಮಾನಿಸಿದರು. ಆ ತಾಯಿ ಮಗಳೂ ಜನರೇ ಅಲ್ಲವೆ? ಅವರ ವಾಕ್ಯಕ್ಕೆ ನಮ್ಮ ಲೇಖಕರ ಪ್ರಬಂಧದಲ್ಲಿ ಒಂದು ಪಂಕ್ತಿಯೂ ಏಕೆ ದೊರೆಯಲಿಲ್ಲ?

ಅವರನ್ನು ನಾನು ಕೇಳುವುದು ಒಂದೇ. ಕೈಯಿಂದ ಎಣಿಸಿದ್ದು ಸಾಲದು, ಯಂತ್ರದಿಂದ ಎಣಿಸಿದ್ದು ಸಾಲದು, ಸ್ವಪಕ್ಷದ ಅಧಿಕಾರಿಯ ಮಾತು ಸಾಲದು, ತಾವೇ ನೇಮಿಸಿದವರ ವರದಿಯೂ ಸಾಲದು, ಅರುವತ್ತು ತೀರ್ಪುಗಳೂ ಸಾಲವು ಎಂದಮೇಲೆ, ಯಾವ ಪ್ರಮಾಣವು ದೊರೆತರೆ ಆ ಚುನಾವಣೆಯಲ್ಲಿ ಟ್ರಂಪ್‌ರವರು ಸೋತರೆಂದು ಅವರು ಒಪ್ಪುವರು? ಅದನ್ನು ಮುಂದಿನ ಸಂಚಿಕೆಯಲ್ಲಿ ದಯಮಾಡಿ ತಿಳಿಸಲಿ. ಸಂಪಾದಕರು ಅದಕ್ಕೆ ಸ್ಥಳವನ್ನು ಕೊಡುವರೆಂದು ನಂಬಿದ್ದೇನೆ.