ಕರಡು ತಿದ್ದಿದವರು ಕನ್ನಡ ಸೇವಕರಲ್ಲವೇ?

ವಿದ್ವಾಂಸರ ಸಂಘವೊಂದು ಕನ್ನಡ ಸೇವೆಗೆ ಪ್ರಶಸ್ತಿ ಕೊಡುತ್ತೇವೆ, ಹೆಸರು ಸೂಚಿಸಿ ಎಂದು ಕರೆ ಕೊಟ್ಟಿತು. ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವ ಮೇಷ್ಟ್ರ ಹೆಸರು ಬರೆದು ಕಳಿಸಿದೆ. ನಮ್ಮಪ್ಪ ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಇರುವವರು. ಹಳಗನ್ನಡದ ಪುಟ ಬಂದರೆ ಱ ಎಲ್ಲಿ, ೞ ಎಲ್ಲಿ ಎಂದು ಡಾಕ್ಟರೇಟ್ ಆದವರಿಗೇ ಫೋನ್ ಮಾಡಿ ಸರಿಪಡಿಸುವವರು. ನುಡಿಯಿಂದ ಯೂನಿಕೋಡಿಗೆ ತಂದಾಗ ಒತ್ತಕ್ಷರ ಕಲಸಿಹೋದರೆ ರಾತ್ರಿಯೆಲ್ಲ ಕೂತು ಹೆಕ್ಕುವವರು. ಸಿಗುವ ಕಾಸು? ಪುಟದ ಲೆಕ್ಕ. (ಕೊಡುವವನು ನಾನೇ, ನನಗೂ ನಾಚಿಕೆಯಿದೆ.)

ಬಂದ ಉತ್ತರವೇನು ಗೊತ್ತೇ? ಪ್ರಕಟಿತ ಕೃತಿಗಳ ಪಟ್ಟಿ ಲಗತ್ತಿಸಿಲ್ಲವಂತೆ! ಅಲ್ಲ ಸ್ವಾಮಿ, ನೀವು ಕೊಡುವುದು ಸೇವೆಗೆ ಪ್ರಶಸ್ತಿಯೋ, ಪಟ್ಟಿಗೆ ಪ್ರಶಸ್ತಿಯೋ?

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು ಕಿಟೆಲ್ ನಿಘಂಟನ್ನು ಅಚ್ಚು ಮಾಡಿತು. 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲರಿಗೆ ಡಾಕ್ಟರೇಟ್ ಕೊಟ್ಟಿತು. ಸಲ್ಲಬೇಕಾದ್ದೇ. ಆದರೆ 1,700ಕ್ಕೂ ಹೆಚ್ಚು ಪುಟಗಳಿಗೆ ಮೊಳೆ ಜೋಡಿಸಿದವರಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ!

ಈ ವರ್ಷವೂ ಅದೇ ಹೆಸರು ಕಳಿಸುತ್ತಿದ್ದೇನೆ. ಮುದ್ರಕ ಬಂಧುಗಳೇ, ನಿಮ್ಮಲ್ಲಿರುವವರ ಹೆಸರು ನೀವೂ ಕಳಿಸಿ. ಕೃತಿಗಳ ಪಟ್ಟಿಯ ಬದಲು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ ಕರಡುಗಳ ಕಟ್ಟನ್ನೇ ಲಗತ್ತಿಸಿದ್ದೇನೆ. ಆಯ್ಕೆ ಸಮಿತಿಯ ಮಹನೀಯರ ಕರಡುಗಳೂ ಅದರಲ್ಲಿವೆ.