ಬರಿದಾದ ಆಸನಗಳೂ ಅಗ್ಗದ ಸೀಜನ್ ಟಿಕೆಟ್ಟೂ

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ದುಡಿಯುವ ತರುಣರಿಗೆ ಫುಟ್‌ಬಾಲ್ ಹೊಸತಲ್ಲ. ಹಲಸೂರು, ಗೌತಮಪುರ ಮೊದಲಾದ ದಂಡುಪ್ರದೇಶದ ಕೇರಿಗಳೇ ಆ ಆಟಕ್ಕೆ ತವರು. 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿದ ಅಹಮದ್ ಖಾನರು ಈ ಊರಿನವರೇ. ಇಂತಹ ಊರಿನಲ್ಲಿ ಕೆಳದರ್ಜೆಯ ಕ್ಲಬ್ಬುಗಳು ಬೆರಳೆಣಿಕೆಯ ಪ್ರೇಕ್ಷಕರ ಮುಂದೆ ಆಡುವುದು ಯಾರಿಗೂ ಶೋಭೆಯಲ್ಲ.

ಇದಕ್ಕೆ ನಾವು ಸೂಚಿಸುವ ಉಪಾಯವು ಅಗ್ಗದ ಸೀಜನ್ ಟಿಕೆಟ್. ವರ್ಷದ ಎಲ್ಲ ಪಂದ್ಯಗಳಿಗೂ ಒಂದೇ ಚೀಟಿ. ಅದರ ಬೆಲೆಯು ಒಂದು ದಿನದ ಕೂಲಿಯನ್ನು ಮೀರಬಾರದು. ಇಂಗ್ಲೆಂಡಿನ ನಾಲ್ಕನೆಯ ದರ್ಜೆಗೆ ಇಳಿದ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬು 2007ರಲ್ಲಿ 138 ಪೌಂಡಿಗೆ, ಎಂದರೆ ತನ್ನೂರಿನ ಪಂದ್ಯವೊಂದಕ್ಕೆ 6 ಪೌಂಡಿನಂತೆ ಚೀಟಿ ಮಾರಿತು. ಹತ್ತು ಸಾವಿರಕ್ಕೂ ಹೆಚ್ಚು ಜನರು ಕೊಂಡರು.

ಬೆಲೆ ಇಳಿಸಿದರೆ ನಷ್ಟವೆಂದು ಕ್ಲಬ್ಬಿನ ಕಾರ್ಯಕರ್ತರು ಆಕ್ಷೇಪಿಸಬಹುದು. ಬರಿದಾದ ಆಸನವು ಒಂದು ಕಾಸನ್ನೂ ತಾರದಷ್ಟೆ! ಮುಂಗಡ ಹಣದಿಂದ ಚೆಂಡು, ಬೂಟು, ಪ್ರಯಾಣಗಳ ವೆಚ್ಚವಾದರೂ ಸಾಗುವುದು. ಪುಕ್ಕಟೆ ಪ್ರವೇಶಕ್ಕಿಂತಲೂ ಇದು ಮೇಲು. ಹಣ ತೆತ್ತ ಆಟಕ್ಕೆ ಮನುಷ್ಯನು ಮಳೆ ಬಂದರೂ ಹೋಗುವನು.

ಆದರೆ ನೌಕರನು ಗಿರಾಕಿಗಳ ಮುಂದೆ ನಿಂತಿರುವ ಹೊತ್ತಿನಲ್ಲಿ ಪಂದ್ಯವನ್ನಿಟ್ಟರೆ ಚೀಟಿಯು ಜೇಬಿನಲ್ಲಿಯೇ ಉಳಿಯುವುದು. ದಿನವನ್ನೂ ಹೊತ್ತನ್ನೂ ಮುಂಚಿತವಾಗಿ ಗೊತ್ತುಮಾಡಿ, ದುಡಿಯುವವರಿಗೆ ಅನುಕೂಲವಾಗುವಂತೆ ಪಂದ್ಯ ನಡೆಯಿಸುವ ಹೊಣೆಯು ರಾಜ್ಯ ಫುಟ್‌ಬಾಲ್ ಸಂಸ್ಥೆಯದು. ಆಟಗಾರರನ್ನು ಹೆತ್ತ ಕೇರಿಗಳಿಗೆ ಆಟವನ್ನು ಮರಳಿ ಒಪ್ಪಿಸಬೇಕೆಂಬುದೇ ನಮ್ಮ ಒತ್ತಾಯ.