ಕೌದಿಯ ಫೋಟೋ ಕಳಿಸಿದರೆ ಸಾಲದು, ಹೆಸರೂ ಕಳಿಸಿರಿ

ಅಕ್ಕಲಕೋಟೆ: ಮಧ್ಯಾಹ್ನದ ಊಟ ಮುಗಿದು, ಭಾಂಡೆ ತಿಕ್ಕಿಟ್ಟು, ಪಡಸಾಲಿಯೊಳಗ ಹಳೇ ಇಳಕಲ್ ಸೀರಿ ಹಾಸಿಕೊಂಡು ಸೂಜಿ ಹಿಡಿದು ಕೂಡ್ರುವ ಹೊತ್ತು. ಹಿಂದೆ ಈ ಹೊತ್ತಿಗೆ ಓಣಿಯ ನಾಲ್ಕು ಮಂದಿ ಹೆಣ್ಣುಮಕ್ಕಳು ಒಂದೇ ಕೌದಿಯ ಸುತ್ತ ಕೂಡುತ್ತಿದ್ದರು. ಒಬ್ಬಾಕಿ ತುಂಡು ಹೊಂದಿಸುವಾಕಿ, ಇಬ್ಬರು ಹೊಲಿಯುವವರು, ಕಣ್ಣು ಮಂದಾದ ಆಯಿ ಬರೇ ಮಾತಾಡುವಾಕಿ. ಈಗ ಒಬ್ಬಾಕಿ ಪುಣೆಯಲ್ಲಿ ಮಗನ ಹತ್ತಿರ ಇದ್ದಾಳೆ, ಇನ್ನೊಬ್ಬಾಕಿ ಇಂಡಿಗೆ ಮಗಳ ಬಾಣಂತನಕ್ಕೆ ಹೋದಾಕಿ ಅಲ್ಲೇ ಉಳಿದಳು. ಓಣಿ ಖಾಲಿಯಾಯಿತು. ಆದರೆ ಕೂಟ ಮುರಿದಿಲ್ಲ. ಸೂಜಿ-ದಾರದ ಡಬ್ಬಿಯ ಪಕ್ಕದಾಗ ಈಗ ಮೊಬೈಲ್ ಕುಂತಿದೆ.

ಅರ್ಧ ಹೊಲಿದ ಕೌದಿಯ ಫೋಟೋ ಹೋಗುತ್ತದೆ. ‘ಮೂಲಿಗೆ ಕೆಂಪು ತುಂಡು ಹಚ್ಚರಿ ವೈನಿ, ಛಲೋ ಕಾಣತೈತಿ’ ಎಂದು ದನಿ ಬರುತ್ತದೆ. ಹಿತ್ತಲದ ಹೀರೆ ಬಳ್ಳಿಗೆ ಹುಳ ಬಿದ್ದದ್ದು, ಮಲ್ಲಿಗಿ ಮೊಗ್ಗು ಉದುರುವುದು, ಡಬ್ಬಿಯೊಳಗ ಹಾಕಿದ ಮೆಂತೆ ಎದ್ದದ್ದು ಎಲ್ಲವೂ ಹೋಗಿಬರುತ್ತದೆ. ಇದರೊಳಗೆ ಒಬ್ಬರಿಗೊಬ್ಬರು ಮಾರಿ ನೋಡದ ಗೆಳತಿಯರೂ ಇದ್ದಾರೆ. ಜತ್ತದಾಕಿಗೆ ಆಳಂದದಾಕಿ ಅಕ್ಕ, ಸೊಲ್ಲಾಪುರದಾಕಿಗೆ ಅಥಣಿಯಾಕಿ ತಂಗಿ.

ಮನೆಯ ಗಂಡಸರು ಮಾತ್ರ ನಗುತ್ತಾರೆ. ‘ಏನ ಟೈಂಪಾಸ್ ಹಚ್ಚೀರಿ? ಅಂಗಡ್ಯಾಗ ಬ್ಲಾಂಕೆಟ್ ಸಿಗತಾವ, ಸಂತ್ಯಾಗ ಕಾಯಿಪಲ್ಯ ಸಿಗತೈತಿ’ ಎನ್ನುತ್ತಾರೆ. ಇದು ಟೈಂಪಾಸ್ ಅಲ್ಲ. ಗಡಿಯಾಚೆಯ ಕನ್ನಡ ಮನೆಗಳಲ್ಲಿ ಅಡುಗಿಮನೆ-ಹಿತ್ತಲದ ಕನ್ನಡ ಇನ್ನೂ ದಿನನಿತ್ಯ ಬಾಯಿಗೆ ಬರುತ್ತಿರುವುದು ಇಂಥ ಕೂಟಗಳಿಂದಲೇ. ಹಾಗೆಂದು ಫೋಟೋ ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನುವುದೂ ತಪ್ಪು.

ಅಕ್ಷರ ಬಾರದವರಿಗೆ ದನಿ ಸಿಕ್ಕಿತು

1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳು ಆಚೆಗೇ ಉಳಿದವು. ಕನ್ನಡ ಶಾಲೆಗಳು ಇಲ್ಲಿ ಇದ್ದವು, ಈಗಲೂ ಇವೆ. ಆದರೆ ಮರಾಠಿ ಕಲಿತವರಿಗೆ ನೌಕರಿ ಸುಲಭ ಎಂಬ ಕಾರಣಕ್ಕೆ ಎಷ್ಟೋ ಮನೆಗಳು ಮಕ್ಕಳನ್ನು ಮರಾಠಿ ಶಾಲೆಗೆ ಕಳಿಸಿದವು. ಹೀಗಾಗಿ ಇಲ್ಲಿಯ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯ ಮಾತು ಕನ್ನಡ, ಓದುಬರಹ ಬಾಳಬೋಧ. ಅವ್ವನಿಗೆ ಕಾಗದ ಬರೆಯಬೇಕೆಂದರೆ ಕನ್ನಡವನ್ನೇ ಮರಾಠಿ ಅಕ್ಷರದೊಳಗೆ ಬರೆದವರು ಬೇಕಾದಷ್ಟು ಮಂದಿ.

2016ರ ಸೆಪ್ಟೆಂಬರದಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು. 2020ರ ಲಾಕ್‌ಡೌನಿನಲ್ಲಿ ಮನೆಮನೆಯ ಹೆಂಗಸರು ವಿಡಿಯೋ ಕಾಲ್ ಕಲಿತರು. ಆಗ ಗಡಿನಾಡಿನಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಬರೆಯಲು ಬಾರದವರೂ ಕನ್ನಡದಲ್ಲಿ ‘ಕಾಗದ’ ಹಾಕತೊಡಗಿದರು. ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಮುಗಿಯಿತು. ಅಕ್ಷರದ ಅಡ್ಡಿ ಇಲ್ಲ, ತಪ್ಪು ಬರೆದೇನೆಂಬ ನಾಚಿಕೆ ಇಲ್ಲ. ಸಭೆ-ಸಮ್ಮೇಳನದಾಗ ವೇದಿಕೆ ಏರದ ಕನ್ನಡ ಇದು.

ಚವಳಿ ಯಾವುದು, ಗವಾರ ಯಾವುದು?

ಹಿತ್ತಲದ ಮಾತಿಗೆ ಬಂದರೆ ಭಾಷೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಂಡಿಯ ಗೆಳತಿ ‘ಚವಳಿಕಾಯಿ ಬೀಜ ಇದ್ರ ಕಳಸ್ರಿ’ ಎನ್ನುತ್ತಾಳೆ ಅನ್ನಿ. ಸೊಲ್ಲಾಪುರದಲ್ಲಿ ಮರಾಠಿಯಲ್ಲೇ ಬೆಳೆದ ಸೊಸೆ ಪುಡಕೆ ಕಟ್ಟಿ ಕಳಿಸುತ್ತಾಳೆ. ಮಿರಗದ ಮಳೆಗೆ ಊರಿದ್ದು ಮೊಳಕೆ ಒಡೆದು ಮೇಲೆದ್ದಾಗ ನೋಡಿದರೆ ಅಲಸಂದಿ! ತಪ್ಪು ಯಾರದೂ ಅಲ್ಲ. ಈ ಭಾಗದ ಕನ್ನಡದ ಚವಳಿಕಾಯಿಗೆ ಮರಾಠಿಯಲ್ಲಿ ಗವಾರ ಎನ್ನುತ್ತಾರೆ. ಮರಾಠಿಯ ಚವಳಿ ಅಂದರೆ ಕನ್ನಡದ ಅಲಸಂದಿ. ಒಂದೇ ಶಬ್ದ, ಗಡಿ ದಾಟಿದ ಕೂಡಲೇ ಬೇರೆ ಗಿಡ.

ಹೀಗೆಯೇ ಪುಂಡಿಪಲ್ಯ ಅಲ್ಲಿ ಅಂಬಾಡಿ, ಹೀರೆಕಾಯಿ ದೋಡಕಾ, ಹಾಗಲಕಾಯಿ ಕಾರ್ಲೆ. ಎರಡೂ ಹೆಸರು ಬಲ್ಲಾಕಿಗೆ ಎರಡೂ ಸಂತೆಯಲ್ಲಿ ಮೋಸವಿಲ್ಲ. ಒಂದೇ ಹೆಸರು ಉಳಿದರೆ ಅರ್ಧ ಸಂತೆ ಮುಚ್ಚಿದ ಹಾಗೆ. ಎಳ್ಳಮವಾಸ್ಯೆಗೆ ಹೊಲದೊಳಗೆ ಭಜ್ಜಿಪಲ್ಯ ಮಾಡುವವರೂ ಇವರೇ, ಅದೇ ದಿನವನ್ನು ವೇಳ ಅಮಾವಾಸ್ಯೆ ಎನ್ನುವ ನೆರೆಮನೆಯವರ ಜೋಡಿ ಉಣ್ಣುವವರೂ ಇವರೇ. ಎರಡೂ ಭಾಷೆ ಬಲ್ಲವರು ಎರಡೂ ಕಡೆಗೆ ಬೇಕಾದವರು ಎಂಬುದರಲ್ಲಿ ಎರಡು ಮಾತಿಲ್ಲ.

ಬೀಜ ಉಳಿಸುವುದು ಹೆಂಗಸರ ಪುರುಸೊತ್ತಿನ ಆಟ ಎಂದು ತಿಳಿದವರು ಮಹಾರಾಷ್ಟ್ರದ ರಾಹಿಬಾಯಿ ಪೋಪೆರೆಯವರನ್ನು ನೋಡಬೇಕು. ಈಗ ಅಹಿಲ್ಯಾನಗರ ಎಂದು ಹೆಸರಾದ ಅಹ್ಮದನಗರ ಜಿಲ್ಲೆಯ ಅಕೋಲೆ ತಾಲೂಕಿನ ಈ ಆದಿವಾಸಿ ತಾಯಿ ಶಾಲೆ ಕಂಡವರಲ್ಲ. ಮನೆಯಲ್ಲೇ ನಾಟಿ ಬೀಜ ಕೂಡಿಸಿದರು, ಹೆಸರು ಹೇಳಿ ಹಂಚಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯಿತು. ಬೂದಿಯೊಳಗೆ ಹೊರಳಿಸಿ ಬೀಜ ಕಾಯ್ದಿಡುವ ವಿದ್ಯೆ ಜತ್ತದ ಅಜ್ಜಿಯರಿಗೂ ಗೊತ್ತು. 2022ರ ಕೊನೆಗೆ ಜತ್ತದ ಹಳ್ಳಿಗಳು ಯಾವ ರಾಜ್ಯದವು ಎಂದು ಎರಡೂ ಕಡೆಯ ಪತ್ರಿಕೆಗಳಲ್ಲಿ ದಿನಾ ಸುದ್ದಿ ಬಂತು. ಆ ಹಳ್ಳಿಯ ಹಿತ್ತಲದಾಗ ಏನು ಬೆಳೆಯುತ್ತದೆ, ಅದಕ್ಕೆ ಏನನ್ನುತ್ತಾರೆ ಎಂದು ಕೇಳಿದವರು ಎಷ್ಟು ಮಂದಿ?

ಹೆಸರಿಲ್ಲದ ಕೌದಿ

ಕೌದಿಯ ಕಥೆಯೂ ಅಷ್ಟೇ. ಮೇಲೆ ಒಂದು ಸೀರಿ, ಕೆಳಗೆ ಅಸ್ತರ, ನಡುವೆ ಧೋತರ-ಸೀರಿಯ ಹಳೇ ಅರಿವೆ, ಮೇಲಿಂದ ಕೆಳಗೆ ಸಾಲುಸಾಲಾಗಿ ನೇರ ಹೊಲಿಗೆ. ನೋಡಲು ಸುಲಭ, ಕುಂತು ಹೊಲಿದವರಿಗೆ ಬೆನ್ನು ಗೊತ್ತು. ಮರಾಠಿಯವರು ಇದನ್ನೇ ಗೋಧಡಿ ಎನ್ನುತ್ತಾರೆ, ವಾಕಳ ಎನ್ನುವವರೂ ಇದ್ದಾರೆ. ಹೊಲಿಗೆಗೆ ಅವರದು ಧಾವದೋರಾ. ಇದರಾಗ ಜಗಳ ಏನಿಲ್ಲ. ಕನ್ನಡದಾಕಿ ಹೊಲಿದ ಕೌದಿಯ ಫೋಟೋ ಊರೂರು ತಿರುಗಿ ಬರುವಷ್ಟರಲ್ಲಿ ಅದರ ಕೆಳಗೆ ‘ಗೋಧಡಿ’ ಇಲ್ಲವೆ ‘ಕ್ವಿಲ್ಟ್’ ಎಂದಷ್ಟೇ ಇರುತ್ತದೆ. ಕೌದಿ ಎಂಬ ಶಬ್ದವೂ ಇಲ್ಲ, ಹೊಲಿದಾಕಿಯ ಹೆಸರೂ ಇಲ್ಲ, ಊರೂ ಇಲ್ಲ. ದುಃಖ ಇರುವುದು ಇಲ್ಲಿ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡ್ರಿ. ಅವರು ಅಂಚಿನಿಂದ ಹೊಲಿಗೆ ಸುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಸಣ್ಣ ತುಂಡು ಹಚ್ಚುತ್ತಾರೆ, ಅದಕ್ಕೆ ‘ಫೂಲ’ ಅಂದರೆ ಹೂವು ಎಂದು ಹೆಸರು. ಆ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ಯಾರೋ ಕುಂತು ‘ಇದಕ್ಕ ಏನಂತೀರವ್ವ?’ ಎಂದು ಕೇಳಿ ಬರೆದುಕೊಂಡದ್ದಕ್ಕೆ ‘ಫೂಲ’ ಎಂಬ ಶಬ್ದವೂ ಕೌದಿಯ ಸಂಗಾಟ ಸಮುದ್ರ ದಾಟಿತು. ಕಸೂತಿಯೊಳಗೆ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಯ ಹೆಸರುಗಳು ಇಂದು ಪುಸ್ತಕದಾಗ ಉಳಿದಿವೆ ಎಂದರೂ ಕಾರಣ ಅದೇ. ಗಡಿನಾಡಿನ ಕೌದಿಗೆ ಇಂಥ ಕೇಳುವವರು ಸಿಕ್ಕಿಲ್ಲ. ಮನೆಯವರೇ ಕೇಳದಿದ್ದರೆ ಹೊರಗಿನವರು ಯಾಕೆ ಕೇಳುತ್ತಾರೆ?

ಲೆಕ್ಕವನ್ನೂ ನೋಡಬೇಕು

ಫೋಟೋ ನೋಡಿ ‘ನನಗೂ ಒಂದು ಬೇಕು’ ಎನ್ನುವ ಗಿರಾಕಿಗಳು ಈಗ ಬರುತ್ತಾರೆ. ಸಂತೋಷ. ಆದರೆ ಕೇಳುವ ದರ ಕೇಳಿದರೆ ಬೇಸರ ಬರುತ್ತದೆ. ಒಂದು ದೊಡ್ಡ ಕೌದಿಗೆ ದಿನಕ್ಕೆ 3 ತಾಸಿನಂತೆ 20 ದಿನ ಹಿಡಿಯಿತು ಅನ್ನಿ, ಒಟ್ಟು 60 ತಾಸು. ತಾಸಿಗೆ ಬರೇ 40 ರೂಪಾಯಿ ಹಿಡಿದರೂ ಕೂಲಿಯೇ 2,400 ರೂಪಾಯಿ. ದಾರ, ಅಸ್ತರಕ್ಕೆ 300 ಸೇರಿಸಿದರೆ 2,700. ‘500ಕ್ಕ ಕೊಡ್ರಿ ಅಕ್ಕಾ, ಹಳೇ ಅರಬಿ ಅಲ್ಲೇನು?’ ಎಂದರೆ ದಾರ-ಅಸ್ತರದ ಖರ್ಚು ಕಳೆದು ತಾಸಿಗೆ ಮೂರು ರೂಪಾಯಿ ಚಿಲ್ಲರೆ ಬಿತ್ತು. ಅರಬಿ ಹಳೇದು ಇರಬಹುದು, ಕೈ ಹಳೇದಲ್ಲ. ಗೆಳತಿಗೆ ಪ್ರೀತಿಯಿಂದ ಕೊಡುವುದು ಬೇರೆ, ಗಿರಾಕಿಗೆ ಮಾರುವುದು ಬೇರೆ. ಮೊದಲನೆಯದಕ್ಕೆ ದರ ಬೇಡ, ಎರಡನೆಯದಕ್ಕೆ ನಾಚಿಕೆ ಬೇಡ.

ಇನ್ನೊಂದು ಎಚ್ಚರಿಕೆ. ‘ದುಡ್ಡು ಹಾಕತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತರಿ’ ಎಂದು ಯಾರಾದರೂ ಅಂದರೆ ಅದು ಮೋಸವೆಂದೇ ತಿಳಿಯಬೇಕು. ದುಡ್ಡು ಬರಲು ಪಿನ್ ಒತ್ತುವ ಕೆಲಸವೇ ಇಲ್ಲ, ಪಿನ್ ಬೇಕಾಗುವುದು ದುಡ್ಡು ಹೋಗಲು. ಮೋಸ ಆದರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಬೇಕು. ಮನೆಯವರು ಬೈದಾರೆಂದು ಮುಚ್ಚಿಟ್ಟರೆ ನಷ್ಟ ಹೆಚ್ಚು.

ಮೊಬೈಲಿನಿಂದ ಹಾನಿಯೂ ಇದೆ ಎನ್ನುವವರ ಮಾತು ಸುಳ್ಳಲ್ಲ. ರೀಲ್ಸ್ ನೋಡುತ್ತ ಕುಂತರೆ ಸೂಜಿ ಅಲ್ಲೇ ಉಳಿಯುತ್ತದೆ. ಇನ್ನೊಂದು ಕಷ್ಟ ಅರಿವೆಯದು. ಹತ್ತಿ ಸೀರಿ ಕಡಿಮೆಯಾಗಿ ಪಾಲಿಯೆಸ್ಟರ್ ಬಂದಿದೆ. ಅದು ಹೊಲಿಯುವಾಗ ಜಾರುತ್ತದೆ, ಬೆವರು ಹೀರುವುದಿಲ್ಲ, ಕೂಸಿಗೆ ಹೊದಿಸಲು ಬರುವುದಿಲ್ಲ. ಚಾದರಕ್ಕೆ ಹೆಸರಾದ ಸೊಲ್ಲಾಪುರದಲ್ಲೇ ಕೌದಿಗೆ ಹತ್ತಿ ಅರಿವೆ ಹುಡುಕಬೇಕಾಗಿ ಬಂದದ್ದು ವಿಚಿತ್ರ. ಹಿಂಗಾಗಿ ಮನೆಯಲ್ಲಿ ಉಳಿದ ಹತ್ತಿ ಸೀರಿಯನ್ನು ಭಾಂಡೆ ಮಾರುವಾಕಿಗೆ ಹಾಕುವ ಮೊದಲು ಒಮ್ಮೆ ಯೋಚಿಸಬೇಕು.

ಒಂದು ವಹಿ, ಒಂದು ಪೆನ್ನು

ದೊಡ್ಡ ಅಪಾಯ ಬೇರೆಯೇ ಇದೆ. ಅಜ್ಜಿಯ ದನಿ ಮೊಬೈಲಿನಲ್ಲಿ ಇದೆ ಎಂದು ನಿಶ್ಚಿಂತರಾಗಿದ್ದೇವೆ. ಮೆಮರಿ ತುಂಬಿದ ದಿನ ಮೊಮ್ಮಗ ಎಲ್ಲವನ್ನೂ ಅಳಿಸುತ್ತಾನೆ. ಫೋನ್ ನೀರಿಗೆ ಬಿದ್ದರೆ ಅದೂ ಇಲ್ಲ. ಮುಂದೆ ಅಜ್ಜಿಯೂ ಇರುವುದಿಲ್ಲ. ಆಗ ದಬ್ಬಣ, ಕುಂಚಿಗಿ, ಅಸ್ತರ, ಮಿರಗ ಎಂಬ ಮಾತನ್ನು ಯಾರಿಂದ ಕೇಳಬೇಕು?

‘ಭಾಷೆ ಉಳಿಯಬೇಕೆಂದರೆ ಶಾಲೆ ಬೇಕು, ಶಿಕ್ಷಕರು ಬೇಕು, ಕೌದಿಯಿಂದ ಏನಾದೀತು?’ ಎಂದು ಕೇಳುವವರಿದ್ದಾರೆ. ಶಾಲೆ ಬೇಕೇ ಬೇಕು. ಶಿಕ್ಷಕರ ಜಾಗ ತುಂಬಿರಿ ಎಂದು ಕೇಳುವುದನ್ನು ಬಿಡಬಾರದು. ಆದರೆ ಶಾಲೆ ಅಕ್ಷರ ಕಲಿಸೀತು, ಹಿತ್ತಲದ ಹೆಸರು ಕಲಿಸುವುದಿಲ್ಲ. ಮನೆಯಲ್ಲಿ ಮಾತು ಸತ್ತ ಮೇಲೆ ಶಾಲೆಯ ಅಕ್ಷರ ಬರೇ ಪರೀಕ್ಷೆಗೆ ಉಳಿಯುತ್ತದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಮನೆಯಲ್ಲಿ ಕನ್ನಡ ಅಕ್ಷರ ಬಲ್ಲ ಒಬ್ಬ ಹುಡುಗಿ ಒಂದು ವಹಿ ಹಿಡಿದು ಅಜ್ಜಿಯ ಹತ್ತಿರ ವಾರಕ್ಕೊಮ್ಮೆ ಕೂಡ್ರಲಿ. ಹೊಲಿಗೆಗೆ ಏನಂತಾರೆ, ಬೀಜ ಯಾವ ಮಳೆಗೆ ಊರಬೇಕು, ಈ ತುಂಡು ಯಾರ ಸೀರಿಯದು ಎಂದು ಕೇಳಿ ಬರೆಯಲಿ. ಪಕ್ಕದಾಗ ಮರಾಠಿ ಹೆಸರನ್ನೂ ಬರೆಯಲಿ. ಅಕ್ಷರ ಬಾರದ ಹುಡುಗಿ ಇದೇ ನೆವದಿಂದ ಕಲಿಯಲಿ. ಫೋಟೋ ಕಳಿಸುವಾಗ ಕೌದಿ ಎಂದೇ ಹೆಸರಿಸಿ, ಹೊಲಿದಾಕಿ ಒಪ್ಪಿದರೆ ಅವಳ ಹೆಸರು, ಊರು ಸೇರಿಸಲಿ. ಬರೇ ಬಳ್ಳಿಯ ಫೋಟೋ ಕಳಿಸದೆ ಒಂದು ಚಿಟಿಕೆ ಬೀಜವನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಎರಡೂ ಹೆಸರು ಬರೆದು ಕಳಿಸಲಿ.

ಗಡಿಯ ಕನ್ನಡ ಶಾಲೆಗಳು ವರ್ಷಕ್ಕೊಮ್ಮೆ ಅಜ್ಜಿಯರನ್ನು ಕರೆದು ಮಕ್ಕಳ ಎದುರು ಕೌದಿ ಹಾಸಿ ಕೂಡ್ರಿಸಿದರೆ ಖರ್ಚು ಚಹಾದಷ್ಟೇ. ರಾಜ್ಯೋತ್ಸವಕ್ಕೆ ಹಾರ-ತುರಾಯಿ, ಪೆಂಡಾಲಿಗೆ ದುಡ್ಡು ಹೊಂದಿಸುವ ಸಂಘಗಳು ಇಂಥದೊಂದು ಶಬ್ದದ ಪುಸ್ತಕ ಮಾಡಿಸಬಹುದು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಭವನ, ಸಮಾರಂಭಗಳ ಜೊತೆ ಇತ್ತ ಗಮನ ಹರಿಸಬೇಕು.

ಅದಕ್ಕಿಂತ ಮೊದಲು ಮನೆಯ ಗಂಡಸರು ನಗುವುದನ್ನು ಬಿಡಬೇಕು. ಚಳಿಗಾಲದಾಗ ಅವರು ಹೊದ್ದು ಮಲಗುವುದು ಆ ‘ಟೈಂಪಾಸ್’ ಕೆಲಸವನ್ನೇ. ಇಂದು ಮಧ್ಯಾಹ್ನ ಅವ್ವ ಮೊಬೈಲ್ ಎತ್ತಿ ಹಿಡಿದು ‘ಇದನ್ನ ನೋಡಬೇ’ ಎಂದಾಗ ಹತ್ತಿರ ಕುಂತು ಒಂದೇ ಮಾತು ಕೇಳಿದರೂ ಸಾಕು: ‘ಅವ್ವಾ, ಇದಕ್ಕ ನಿಮ್ಮ ಕಡೆ ಏನಂತಿದ್ರಿ?’